ಅಟೆಸ್ಟೆಡ್ ಪುಸ್ತಕದ ಆರನೆಯ ಅಂಕಣ

೨೦೦೯ನೆಯ ಇಸವಿ, ನನಗಾಗ ಮೂವತ್ತೆಂಟು ವರ್ಷ. ಇಸವಿಯನ್ನೂ ವಯಸ್ಸನ್ನೂ ಮೊದಲು ಹೇಳಿ ಆಮೇಲೆ ವಿಷಯಕ್ಕೆ ಬರುವುದು ನನ್ನ ಹಳೆಯ ರೂಢಿ. ಇಪ್ಪತ್ತಾರು ವರ್ಷ ಮಕ್ಕಳಿಗೆ ಇಂಗ್ಲಿಷನ್ನೂ, ಮೇಷ್ಟರು ಸಾಲದೆ ಬಂದ ವರ್ಷಗಳಲ್ಲಿ ಕನ್ನಡ ವ್ಯಾಕರಣವನ್ನೂ ಕಲಿಸಿದವನು ನಾನು. ದಿನಾಂಕ ಹಾಕದ ಪತ್ರಕ್ಕೆ ಸೊನ್ನೆ ಎಂದು ಪಾಠದ ಮೊದಲ ದಿನವೇ ಸಾರುತ್ತಿದ್ದೆ. ಸಾರಿದಂತೆ ಹಾಕುತ್ತಲೂ ಇದ್ದೆ. ಮೂರು ವರ್ಷದ ಹಿಂದೆ ಗಂಟಲು ಕೈಕೊಟ್ಟಿತೆಂದು ಸ್ವಯಂ ನಿವೃತ್ತಿ ಪಡೆದೆ. ಗಂಟಲು ಮೆತ್ತಗಾಯಿತು, ಸ್ವಭಾವ ಆಗಲಿಲ್ಲ ಎಂದು ನನ್ನ ಹೆಂಡತಿ ನೆಂಟರಿಗೆಲ್ಲ ಹೇಳುತ್ತಾಳೆ. ಅವಳ ಆ ವಾಕ್ಯದಲ್ಲಿ ತಿದ್ದುವಂಥದ್ದೇನೂ ಇಲ್ಲ.

೨೦೦೯ನ್ನು ನೆನಪಿಗೆ ತಂದದ್ದು ಜೆರಾಕ್ಸ್ ಯಂತ್ರದಿಂದ ಆಗತಾನೆ ಹೊರಬಂದ ಕಾಗದದ ಬಿಸಿವಾಸನೆ. ಮೊನ್ನೆ ದಟ್ಟಗಳ್ಳಿಯ ನಮ್ಮ ಮನೆಯ ತಿರುವಿನಲ್ಲಿರುವ ಅಂಗಡಿಗೆ ಆಸ್ಪತ್ರೆಯ ಒಂದು ಪುಟದ ಕಾಗದವನ್ನು ಪ್ರತಿ ಮಾಡಿಸಲು ಹೋಗಿದ್ದೆ. ಯಾವ ಕಾಗದವೆಂದು ಆಮೇಲೆ ಹೇಳುತ್ತೇನೆ. ಅಂಗಡಿಯ ಹೆಣ್ಣುಮಗಳು ಪ್ರತಿಯನ್ನು ನನ್ನ ಕಡೆಗೆ ತಳ್ಳಿ, ದಾರ ಕಟ್ಟಿದ ಪೆನ್ನನ್ನೂ ತಳ್ಳಿದಳು.

"ಸೆಲ್ಫ್ ಅಟೆಸ್ಟ್ ಮಾಡ್ಬುಡಿ ಸಾರ್."

"ಇದು ನನ್ನ ಕಾಗದವಲ್ಲಮ್ಮ."

"ಯಾರ್ದಾದ್ರೇನ್ ಸಾರ್, ಸೈನ್ ಇದ್ರಾಯ್ತು. ಸುಮ್ನೆ ಹಾಕಿ."

ಸುಮ್ಮನೆ. ಓದುಗರೇ, ನನ್ನ ಮಟ್ಟಿಗೆ ಆ ಪದವೂ 'ಅಟೆಸ್ಟೆಡ್' ಎಂಬ ಪದವೂ ಒಂದೇ ಸಾಲಿನಲ್ಲಿ ಬರಲಾರವು. ಪೆನ್ನನ್ನು ಹಿಂದಕ್ಕೆ ತಳ್ಳಿ, ಸಹಿ ಮಾಡದೆ ಮನೆಗೆ ಬಂದೆ. ಬೆನ್ನ ಹಿಂದೆ ಅವಳು ಇನ್ನೊಬ್ಬ ಗಿರಾಕಿಗೆ ಏನೋ ಹೇಳಿ ನಕ್ಕದ್ದು ಕೇಳಿಸಿತು. ನಗಲಿ. ಈ ಪದಕ್ಕಾಗಿ ನನ್ನನ್ನು ನೋಡಿ ನಕ್ಕವರಲ್ಲಿ ಅವಳು ಮೊದಲನೆಯವಳಲ್ಲ.

ಈ ಪದದೊಡನೆ ನನ್ನ ಸಂಬಂಧ ಆರಂಭವಾದದ್ದು ಒಂದು ಅವಮಾನದಿಂದ. ಆಗ ನಾವು ಕುಂಬಾರಕೊಪ್ಪಲಿನ ಬಾಡಿಗೆ ಮನೆಯಲ್ಲಿದ್ದೆವು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಅರ್ಜಿಯೊಡನೆ ಪ್ರಮಾಣಪತ್ರಗಳ ನಕಲು, ನಕಲಿನ ಮೇಲೆ ಪತ್ರಾಂಕಿತ ಅಧಿಕಾರಿಯ ಹಸಿರು ಶಾಯಿಯ ಸಹಿ, ಸಹಿಯ ಪಕ್ಕದಲ್ಲಿ ದುಂಡು ಮೊಹರು: ಇವಿಲ್ಲದೆ ಯಾವ ಅರ್ಜಿಯೂ ಮೇಜಿನಿಂದ ಮೇಜಿಗೆ ಹೋಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಂಥ ಒಬ್ಬ ಅಧಿಕಾರಿಯ ಮನೆಯ ಮುಂದೆ ಸಾಲಿನಲ್ಲಿ ನಿಂತೆ. ಅವರು ಇಡ್ಲಿ ತಿನ್ನುತ್ತಲೇ ಎಡಗೈಯಿಂದ ಮೊಹರು ಒತ್ತುತ್ತಿದ್ದರು. ನನ್ನ ಒಂಬತ್ತು ಹಾಳೆಗಳಿಗೂ ಒತ್ತಿ, ಬಲಗೈ ತೊಳೆದು ಬಂದು ಸಹಿ ಹಾಕಿ ಕೊಟ್ಟರು. ಅಸಲುಗಳನ್ನು ಒಂದೊಂದಾಗಿ ತೋರಿಸಬೇಕೆಂದು ನಾನು ಹಿಂದಿನ ದಿನವೇ ಜೋಡಿಸಿಟ್ಟಿದ್ದ ಕಡತವನ್ನು ಅವರು ಕೇಳಲೇ ಇಲ್ಲ. ಮನೆಗೆ ಬಂದು ಎಣಿಸಿದರೆ ಎಂಟು ಪ್ರಮಾಣಪತ್ರಗಳು. ಒಂಬತ್ತನೆಯದು ನಮ್ಮ ಅಮ್ಮ ಬರೆದುಕೊಟ್ಟಿದ್ದ ದಿನಸಿ ಚೀಟಿ. ತೊಗರಿಬೇಳೆ ಎರಡು ಕೆಜಿ, ಒಣಮೆಣಸಿನಕಾಯಿ ಕಾಲು ಕೆಜಿ, ಸೀಗೇಪುಡಿ ಒಂದು ಪೊಟ್ಟಣ. ಕೆಳಗೆ ಹಸಿರು ಸಹಿ, 'ಟ್ರೂ ಕಾಪಿ, ಅಟೆಸ್ಟೆಡ್'.

ಅಮ್ಮ ನಕ್ಕರು. ನಾನು ನಗಲಿಲ್ಲ. ಅಂದು ಸಂಜೆಯೇ ನಿಘಂಟು ತೆಗೆದು ಆ ಪದದ ಮುಂದೆ ಕುಳಿತೆ. ಅರ್ಥ ಸ್ಪಷ್ಟವಾಗಿತ್ತು: ಸಾಕ್ಷಿ ನುಡಿಯುವುದು. ನಾನಿದ್ದೆ, ನಾನು ಕಂಡೆ, ಇದು ನಿಜ ಎಂದು ಹೇಳಿ, ಹೇಳಿದ್ದರ ಕೆಳಗೆ ತನ್ನ ಹೆಸರಿಟ್ಟು ನಿಲ್ಲುವುದು. ನಾನು ಯಾವತ್ತಾದರೂ ಆ ಮೊಹರನ್ನು ಹಿಡಿಯುವವನಾದರೆ ಕಾಣದ್ದಕ್ಕೆ ಒತ್ತುವುದಿಲ್ಲ ಎಂದು ಆ ದಿನಸಿ ಚೀಟಿಯ ಎದುರಿಗೆ ನಿಶ್ಚಯ ಮಾಡಿದೆ.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಗರದ ಅಂಚಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯನಾಗಿ ಹೋದೆ. ಆ ಹುದ್ದೆ ಪತ್ರಾಂಕಿತವಾದ್ದರಿಂದ ಮೊಹರು ನಿಜವಾಗಿಯೂ ಕೈಗೆ ಬಂತು. ಅಧಿಕಾರ ವಹಿಸಿಕೊಂಡ ವಾರದಲ್ಲೇ ಇನ್ನೂರು ಪುಟದ ಗಟ್ಟಿರಟ್ಟಿನ ಪುಸ್ತಕ ತಂದು, ಸ್ಕೇಲಿಟ್ಟು ಆರು ಅಂಕಣ ಎಳೆದೆ. ಕ್ರಮಸಂಖ್ಯೆ, ದಿನಾಂಕ, ತಂದವರ ಹೆಸರು, ದಾಖಲೆಯ ವಿವರ, ಪ್ರತಿಗಳ ಸಂಖ್ಯೆ. ಆರನೆಯದರಲ್ಲಿ, 'ಅಸಲನ್ನು ನೋಡಿದೆನೇ?' ಇಂಥ ಪುಸ್ತಕವನ್ನು ಇಡಬೇಕೆಂದು ಇಲಾಖೆ ಹೇಳಿರಲಿಲ್ಲ; ಇಟ್ಟ ಇನ್ನೊಬ್ಬ ಅಧಿಕಾರಿಯನ್ನು ನಾನು ಇಂದಿಗೂ ಕಂಡಿಲ್ಲ. ಸಹೋದ್ಯೋಗಿಗಳು ಅದನ್ನು 'ಸಾರ್ ಅವರ ಕುಂಡಲಿ' ಎನ್ನುತ್ತಿದ್ದರು. ಶಾಲೆಯ ಜವಾನ ಸಿದ್ದೇಗೌಡರು ಮಾತ್ರ ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ಮಲ್ಲಿಗೆಯೆಸಳಿನಂಥ ಅಕ್ಷರಗಳಲ್ಲಿ 'ಅಟೆಸ್ಟೆಡ್ ಪುಸ್ತಕ' ಎಂದು ಬರೆದರು. ಅವರು ಪಕ್ಕದ ಹಳ್ಳಿಯೊಂದರಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಒಕ್ಕಲು ಮನೆತನದವರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರಿಗೆ 'ಗೌಡರೇ' ಎನ್ನುತ್ತಿದ್ದೆ, ಅವರು ನನಗೆ 'ಸಾ' ಎನ್ನುತ್ತಿದ್ದರು.

ಜನ ಬರುತ್ತಿದ್ದರು. ಕುಂಕುಮ ಕೇಳುವಷ್ಟು ಹಗುರಾಗಿ "ಸಾರ್, ಒಂದು ಅಟೆಸ್ಟೇಶನ್ ಹಾಕ್ಕೊಡಿ" ಎನ್ನುತ್ತಿದ್ದರು. ಅಸಲು ತನ್ನಿ ಎಂದರೆ ಮುಖ ಸಣ್ಣ ಮಾಡುತ್ತಿದ್ದರು. ಬಸ್ಸಿಳಿದು ಎರಡು ಮೈಲಿ ನಡೆದುಬಂದ ಮುದುಕರನ್ನೂ ನಾನು ವಾಪಸು ಕಳಿಸಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ವರ್ಷದಲ್ಲಿ ನಾನೂರ ಹನ್ನೆರಡು ನಮೂದುಗಳಾದವು. ಆರನೆಯ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ನಾನೂರ ಹನ್ನೆರಡು 'ಹೌದು'. ಸಂಜೆ ಬೀಗ ಹಾಕುವ ಮುನ್ನ ಆ ಸಾಲನ್ನು ಒಮ್ಮೆ ನೋಡುವ ಚಟ ನನಗಿತ್ತು. ಕೆಲವರು ತಮ್ಮ ತೆಂಗಿನ ಸಾಲನ್ನು ಹಾಗೆ ನೋಡುತ್ತಾರೆ.

ನಾನೂರ ಹದಿಮೂರನೆಯದು ಬಂದದ್ದು ೨೦೦೯ರ ಜೂನ್ ತಿಂಗಳಿನ ಒಂದು ಶುಕ್ರವಾರ, ಕೊನೆಯ ಗಂಟೆ ಹೊಡೆದ ಮೇಲೆ. ಬಂದವಳು ಸ್ಟೆಲ್ಲಾ. ನಮ್ಮ ಶಾಲೆಯಲ್ಲೇ ಓದಿ ಮೂರು ವರ್ಷದ ಹಿಂದೆ ಹತ್ತನೆಯ ತರಗತಿ ಮುಗಿಸಿದ್ದ ಹುಡುಗಿ, ಆಮೇಲೆ ಪಿ.ಯು.ಸಿ. ಮಾಡಿ, ಮನೆಗೆ ಆಸರೆಯಾಗಲೆಂದು ಕಡಕೊಳದ ಕಡೆಯ ಒಂದು ಕಾರ್ಖಾನೆಗೆ ಸೇರಿದ್ದಳು. ತಂದೆ ಇರಲಿಲ್ಲ, ತಾಯಿ ಆರೋಗ್ಯಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು, ಚರ್ಚಿನ ಗಾಯನದ ಹುಡುಗಿಯರ ಬಿಳಿಯ ಅಂಗಿಗಳನ್ನೆಲ್ಲ ಅವರೇ ಹೊಲಿಯುವುದು. ಈಗ ಸರ್ಕಾರಿ ನರ್ಸಿಂಗ್ ತರಬೇತಿಗೆ ಅರ್ಜಿ ಕರೆದಿದ್ದರು. ಅರ್ಜಿ ತಲುಪಬೇಕಾದ ಕೊನೆಯ ದಿನ ಮರುದಿನ. ಸ್ಟೆಲ್ಲಾ ಎರಡು ನಕಲುಗಳನ್ನು ಮೇಜಿನ ಮೇಲಿಟ್ಟಳು. ಪಿ.ಯು.ಸಿ.ಯ ಅಸಲು ಇತ್ತು. ಹತ್ತನೆಯ ತರಗತಿಯದು ಇರಲಿಲ್ಲ.

"ಅಸಲೆಲ್ಲಮ್ಮ?"

"ಫ್ಯಾಕ್ಟರೀಲಿದೆ ಸಾರ್."

"ಮಾರ್ಕ್ಸ್ ಕಾರ್ಡಿಗೆ ಫ್ಯಾಕ್ಟರಿಯಲ್ಲಿ ಏನು ಕೆಲಸ?"

"ಸೇರುವಾಗ ತಗೊಂಡು ಇಟ್ಕೋತಾರೆ ಸಾರ್. ಎರಡು ವರ್ಷ ಆಗೋವರ್ಗೂ ಕೊಡಲ್ಲ. ಮಧ್ಯದಲ್ಲಿ ಬಿಟ್ಟು ಹೋಗ್ಬಾರ್ದು ಅಂತ. ಎಲ್ಲಾರ್ದೂ ಹಾಗೇ ಇಟ್ಕೊಂಡಿದಾರೆ."

"ಹಾಗಾದರೆ ಆಗುವುದಿಲ್ಲ. ಅಟೆಸ್ಟ್ ಎಂದರೆ ಏನು, ಗೊತ್ತೇ?"

"ಗೊತ್ತು ಸಾರ್. ಸಾಕ್ಷಿ ನುಡಿಯೋದು. ನೀವೇ ಹೇಳ್ಕೊಟ್ಟಿದ್ರಿ."

ಕಲಿಸಿದ್ದನ್ನು ವಿದ್ಯಾರ್ಥಿ ನೆನಪಿಟ್ಟರೆ ಮೇಷ್ಟರಿಗೆ ಸಂತೋಷವಾಗಬೇಕು. ನನಗೆ ಅಂದು ಸಿಟ್ಟು ಬಂತು. ಆಗುವುದಿಲ್ಲ ಎಂದು ಮತ್ತೊಮ್ಮೆ ಹೇಳಿ, ಪಿ.ಯು.ಸಿ. ನಕಲಿಗೆ ಮಾತ್ರ ಸಹಿ ಹಾಕಿ, ನಾನೂರ ಹನ್ನೆರಡನೆಯದಾಗಿ ನಮೂದಿಸಿ ಕೊಟ್ಟೆ. ಅವಳು ಅಳಲಿಲ್ಲ, ವಾದಿಸಲಿಲ್ಲ. ಹೊರಗೆ ಹೋಗಿ ಜಗುಲಿಯ ಮೆಟ್ಟಿಲ ಮೇಲೆ ಕುಳಿತಳು.

ಗೌಡರು ಕಿಟಕಿ ಮುಚ್ಚುತ್ತಿದ್ದವರು ಹತ್ತಿರ ಬಂದರು.

"ಸಾ, ಒಂದ್ ಮಾತು. ಬೈಬೇಡಿ."

"ಹೇಳಿ ಗೌಡರೇ."

"ಆ ಮಗೀಗೆ ಮಾರ್ಕ್ಸ್ ಕಾರ್ಡ್ ಕೊಟ್ಟೋರ್ ಯಾರು ಸಾ?"

"ಪರೀಕ್ಷಾ ಮಂಡಳಿ."

"ಮಂಡ್ಳಿಯೋರ್ ಬಂದಿದ್ರಾ ಇಲ್ಲೀಗೆ? ಇದೇ ಮೇಜ್ ಮುಂದೆ ನೀವ್ ಕೊಟ್ರಿ. ನಾನ್ ಪಕ್ಕದಲ್ಲಿ ಸೈನ್ ಆಕುಸ್ಕೊಳಕ್ಕೆ ರಿಜಿಸ್ಟ್ರು ಇಡ್ಕೊಂಡ್ ನಿಂತಿದ್ದೆ. ಇಂಗ್ಲಿಷ್‌ನಲ್ಲಿ ತೊಂಬತ್ತೊಂದು ಅಂತ ನೀವೇ ಜೋರಾಗ್ ಓದುದ್ರಿ. ಕಂಡೋರ್ ನೀವೇ, ಕೊಟ್ಟೋರ್ ನೀವೇ. ಇನ್ಯಾವ ಅಸ್ಲಿಗ್ ಕಾಯ್ತಾ ಇದ್ದೀರಿ ಸಾ?"

ಅವರು ಅಷ್ಟು ಹೇಳಿ ಉಳಿದ ಕಿಟಕಿ ಮುಚ್ಚಲು ಹೋದರು. ತೊಂಬತ್ತೊಂದು ಎಂಬುದು ನನಗೂ ನೆನಪಿತ್ತು. ಆ ವರ್ಷ ನಮ್ಮ ಶಾಲೆಯಲ್ಲಿ ಇಂಗ್ಲಿಷಿಗೆ ಬಂದ ಅತಿ ಹೆಚ್ಚಿನ ಅಂಕ ಅದು. ಎದ್ದು ಶಾಲೆಯ ಅಂಕಪಟ್ಟಿಯ ದಾಖಲೆ ತೆಗೆದು ನಕಲಿನೊಡನೆ ಒಂದೊಂದೇ ಅಂಕೆಯನ್ನು ತಾಳೆ ನೋಡಿದೆ. ಎಲ್ಲವೂ ಸರಿಯಿತ್ತು. ಸ್ಟೆಲ್ಲಾಳನ್ನು ಒಳಕ್ಕೆ ಕರೆದು, ಹಸಿರು ಪೆನ್ನಿನಿಂದ ಸಹಿ ಹಾಕಿ ಮೊಹರು ಒತ್ತಿಕೊಟ್ಟೆ. ಅವಳು ಕಾಗದ ಹಿಡಿದು ಓಡಿದಳು. ಥ್ಯಾಂಕ್ಸ್ ಹೇಳಲು ಮರೆತಳು, ನಾನೂ ನೆನಪಿಸಲಿಲ್ಲ.

ಆಮೇಲೆ ಪುಸ್ತಕ ತೆಗೆದೆ. ನಾನೂರ ಹದಿಮೂರು, ದಿನಾಂಕ, ಹೆಸರು, ವಿವರ, ಪ್ರತಿ ಒಂದು. ಆರನೆಯ ಅಂಕಣದ ಮೇಲೆ ಪೆನ್ನು ನಿಂತಿತು. ಅಸಲನ್ನು ನೋಡಿದೆನೇ? ಆ ದಿನ ನೋಡಿರಲಿಲ್ಲ. ಹಾಗಾಗಿ ಬರೆದೆ: 'ಇಲ್ಲ, ಬಲ್ಲೆ.'

ಲೋಕದಲ್ಲಿ ತಪ್ಪು ಮಾಡುವವರು ಬಹಳ ಮಂದಿ. ತನ್ನ ವಿರುದ್ಧ ತಾನೇ ಗೆರೆ ಎಳೆದು, ಕ್ರಮಸಂಖ್ಯೆ ಹಾಕಿ, ಹಸಿರು ಶಾಯಿಯಲ್ಲಿ ದಾಖಲಿಸಿ, ಪುಸ್ತಕಕ್ಕೆ ಹೊದಿಕೆಯನ್ನೂ ಹಾಕಿಸಿಡುವ ತಪ್ಪನ್ನು ಮಾಡಿದವನು ಮೈಸೂರಿನಲ್ಲಿ ಬಹುಶಃ ನಾನೊಬ್ಬನೇ.

ಸ್ಟೆಲ್ಲಾಳಿಗೆ ಸೀಟು ಸಿಕ್ಕಿತು. ಹತ್ತನೆಯ ತರಗತಿಯ ಅಸಲನ್ನು ಆರು ತಿಂಗಳೊಳಗೆ ತಂದೊಪ್ಪಿಸುವೆನೆಂದು ಮುಚ್ಚಳಿಕೆ ಬರೆದುಕೊಟ್ಟು ಸೇರಿಕೊಂಡಳು. ಅಲ್ಲಿಯವರೆಗೆ ಅವಳ ಕಡತದಲ್ಲಿ ನನ್ನ ಸಹಿಯಿದ್ದ ನಕಲೇ ಆಧಾರ. ಕಾರ್ಖಾನೆಯನ್ನು ಬಿಟ್ಟಳು. ಕಾರ್ಖಾನೆಯವರು ಕಾರ್ಡನ್ನು ಬಿಡಲಿಲ್ಲ.

ನವೆಂಬರಿನಲ್ಲಿ ಶಾಲೆಯ ವಾರ್ಷಿಕ ತಪಾಸಣೆ ನಡೆಯಿತು. ತಪಾಸಣೆಗೆ ಬಂದ ಅಧಿಕಾರಿ ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಈ ಕತೆ ನನಗೆ ಸುಲಭವಾಗುತ್ತಿತ್ತು. ಹಾಜರಿ, ದಾಸ್ತಾನು, ಬಿಸಿಯೂಟದ ಪುಸ್ತಕಗಳನ್ನೆಲ್ಲ ನೋಡಿ ಮುಗಿಸಿದ ಅವರ ಕಣ್ಣು ಕಂದು ಹೊದಿಕೆಯ ಮೇಲೆ ಬಿತ್ತು. ನಾನು ಹೆಮ್ಮೆಯಿಂದಲೇ ಕೊಟ್ಟೆ, ಹೊಗಳುತ್ತಾರೆಂದು ಎಣಿಸಿದ್ದೆ. ಅವರು ಹಾಳೆ ತಿರುವುತ್ತ ಒಂದು ಕಡೆ ನಿಂತರು.

"ಏನ್ರೀ ಇದು, 'ಬಲ್ಲೆ'?"

"ಕರ್ತೃ ಅಡಗಿರುವ ಕ್ರಿಯಾಪದ ಸಾರ್. ನಾನು ಬಲ್ಲೆ ಎಂದು."

"ವ್ಯಾಕರಣ ಕೇಳ್ತಿಲ್ಲ ನಾನು. ಅಸಲು ನೋಡ್ದೆ ಸೈನ್ ಹಾಕಿದ್ದೀನಿ ಅಂತ ನೀವೇ ಬರ್ಕೊಂಡಿದ್ದೀರಲ್ಲ."

"ಹೌದು ಸಾರ್."

"ಈ ಪುಸ್ತಕ ಇಡದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಈಗ ನನ್ನ ಕಣ್ಣಿಗೆ ಬಿತ್ತು. ಬಿದ್ದದ್ದನ್ನ ಬಿಟ್ಟು ಹೋದ್ರೆ ನಾಳೆ ನನ್ನ ಕೇಳ್ತಾರೆ." ಅವರು ಟೀ ಲೋಟ ಹಿಡಿದು ಎದ್ದರು. "ನಾನು ಹೊರಗೆ ಹೋಗಿ ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ಅದನ್ನ ಹೊಡೆದು 'ಹೌದು' ಮಾಡಿ. ಆಮೇಲೆ ನಾನು ನೋಡಿದ್ದೂ ಇಲ್ಲ, ನೀವು ತೋರ್ಸಿದ್ದೂ ಇಲ್ಲ."

ಅವರು ಜಗುಲಿಯಲ್ಲಿ ನಿಂತು ಬಹಳ ನಿಧಾನವಾಗಿ ಟೀ ಕುಡಿದರು. ನನಗಾಗಿಯೇ ನಿಧಾನ ಮಾಡಿದರೆಂದು ಇಂದಿಗೂ ನಂಬಿದ್ದೇನೆ. ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಅವರು ಹಿಂದಿರುಗಿ ಬಂದು ಪುಸ್ತಕ ನೋಡಿ, ನಿಟ್ಟುಸಿರಿಟ್ಟು, ತಮ್ಮ ಟಿಪ್ಪಣಿಯಲ್ಲಿ ಬರೆದುಕೊಂಡರು. ವಾರದೊಳಗೆ ಜ್ಞಾಪನ ಬಂತು: ಹದಿನೈದು ದಿನದಲ್ಲಿ ವಿವರಣೆ ಕೊಡತಕ್ಕದ್ದು, ತಪ್ಪಿದಲ್ಲಿ ಸದರಿ ದೃಢೀಕರಣವನ್ನು ಅಸಿಂಧುವೆಂದು ಪರಿಗಣಿಸಿ ಸಂಬಂಧಪಟ್ಟ ತರಬೇತಿ ಸಂಸ್ಥೆಗೆ ತಿಳಿಸಲಾಗುವುದು. ನನ್ನ ಮೇಲಿನ ಕ್ರಮ ಎರಡನೆಯ ಸಾಲು. ಮೊದಲನೆಯ ಸಾಲು ಸ್ಟೆಲ್ಲಾಳ ಸೀಟು.

ಎಲ್ಲರೂ ಉಪಾಯ ಹೇಳಿದರು. ಗೌಡರು, "ಕಾರ್ಡು ಕಳ್ದೋಗದೆ ಅಂತ ಆ ಮಗೀನ್ ಕೈಲಿ ಬರ್ಸಿ ಸಾ, ಮಂಡ್ಳಿಯೋರು ಇನ್ನೊಂದ್ ಕೊಡ್ತಾರೆ" ಎಂದರು. ಕಳೆದಿಲ್ಲದ್ದನ್ನು ಕಳೆದಿದೆ ಎಂದು ಆ ಹುಡುಗಿಯಿಂದ ಪ್ರಮಾಣ ಮಾಡಿಸುವುದು ನನ್ನಿಂದಾಗಲಿಲ್ಲ. ಹೆಂಡತಿ, "ಹೌದು ಅಂತ ಬರೆದ್ರೆ ಕೈ ಬಿದ್ದು ಹೋಗತ್ತಾ ನಿಮ್ಗೆ?" ಎಂದಳು. ಆ ಭಾನುವಾರ ಪೂಜೆ ಮುಗಿಸಿ, ತಲೆಯ ಮೇಲಿನ ಸೆರಗನ್ನೂ ಇಳಿಸದೆ, ಆರೋಗ್ಯಮ್ಮ ಚರ್ಚಿನಿಂದ ನೇರವಾಗಿ ನಮ್ಮ ಮನೆಗೆ ಬಂದರು.

"ತಿದ್ದ್‌ಬುಡಿ ಸಾರ್. ಒಂದಕ್ಷರ."

ಎರಡಕ್ಷರ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ.

"ಆರೋಗ್ಯಮ್ಮ, ಆ ಒಂದನ್ನು 'ಹೌದು' ಮಾಡಿದರೆ ಅದರ ಮೇಲಿರುವ ನಾನೂರ ಹನ್ನೆರಡು ಹೌದುಗಳೂ ಸುಳ್ಳಾಗುತ್ತವೆ. ಆಮೇಲೆ ನನ್ನ ಸಹಿಯನ್ನು ನಂಬಲು ಯಾರಿಗೂ ಕಾರಣ ಉಳಿಯುವುದಿಲ್ಲ. ನಿಮ್ಮ ಮಗಳ ಕಾಗದದ ಮೇಲಿರುವುದೂ ಅದೇ ಸಹಿ."

"ಅವೆಲ್ಲ ನಂಗೆ ಗೊತ್ತಾಗಲ್ಲ ಸಾರ್. ಫ್ಯಾಕ್ಟರೀನೂ ಬಿಟ್ಟಾಯ್ತು. ಇದೂ ಹೋದ್ರೆ ಅವ್ಳು ಎಲ್ಲಿಗ್ ಹೋಗ್ಬೇಕು?" ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ ಮಗಳಿಗಿಂತ ನಿಮ್ ಪುಸ್ತಕ ದೊಡ್ಡದಾ ಸಾರ್?"

ಅವರು ಹೋದರು. ನಾನು ಕಾಪಾಡುತ್ತಿದ್ದದ್ದು ಸತ್ಯವನ್ನೋ, ಸಾಲಾಗಿ ನಿಂತ ನನ್ನ ಹೌದುಗಳ ಅಂದವನ್ನೋ? ಈ ಪ್ರಶ್ನೆ ಅಂದು ಒಳಗೆ ಕುಳಿತದ್ದು ಹದಿನಾರು ವರ್ಷ ಏಳಲಿಲ್ಲ. ಅದೇ ಈ ಬರಹದ ವಿಷಯ.

ಆದರೆ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಸೋಮವಾರ ರಜೆ ಹಾಕಿ, ಚೀಲದಲ್ಲಿ ಪುಸ್ತಕ, ಹಸಿರು ಪೆನ್ನು, ಮೊಹರು, ಇಂಕ್ ಪ್ಯಾಡು ಇಟ್ಟುಕೊಂಡು ನಂಜನಗೂಡು ರಸ್ತೆಯ ಬಸ್ಸು ಹತ್ತಿ ಕಡಕೊಳದಲ್ಲಿ ಇಳಿದೆ. ಕಾರ್ಖಾನೆಯ ಕಚೇರಿಯಲ್ಲಿ ಸಿಬ್ಬಂದಿ ವಿಭಾಗದ ಯುವಕನೊಬ್ಬ ನನ್ನ ಗುರುತಿನ ಚೀಟಿಯನ್ನು ನೋಡಿ ಎದ್ದು ನಿಂತ.

"ಯಾವ ಇಲಾಖೆ ಸಾರ್?"

"ಶಿಕ್ಷಣ."

"ಲೇಬರ್ ಅಲ್ವಾ?"

"ಅಲ್ಲ."

"ಹಂಗಾದ್ರೆ ಕೂತ್ಕೊಳ್ಳಿ ಸಾರ್." ಅವನೂ ಕುಳಿತ.

ನಾನು ಒಂದು ನಕಲನ್ನು ದೃಢೀಕರಿಸಿದ್ದೇನೆ, ಅದರ ಅಸಲು ನಿಮ್ಮಲ್ಲಿದೆ, ನೋಡಬೇಕು ಎಂದೆ. ಇಷ್ಟು ವಿಚಿತ್ರವಾದ ಕೋರಿಕೆಯನ್ನು ಅವನು ಕೇಳಿರಲಿಲ್ಲವೆಂದು ತೋರುತ್ತದೆ. ನಿರಾಕರಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಉಕ್ಕಿನ ಬೀರು ತೆರೆದ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಮಾರ್ಕ್ಸ್ ಕಾರ್ಡುಗಳ ದಪ್ಪ ಕಟ್ಟುಗಳು. ಎಲ್ಲವೂ ಹೆಣ್ಣುಮಕ್ಕಳ ಹೆಸರುಗಳು. ಸ್ಟೆಲ್ಲಾಳದನ್ನು ಹುಡುಕಿ ಕೊಟ್ಟ. ಹೆಸರು, ಸಂಖ್ಯೆ, ಹುಟ್ಟಿದ ದಿನಾಂಕ, ಇಂಗ್ಲಿಷಿಗೆ ತೊಂಬತ್ತೊಂದು. ಎಲ್ಲವನ್ನೂ ತಾಳೆ ನೋಡಿದೆ.

"ಇದನ್ನು ಇಟ್ಟುಕೊಂಡಿದ್ದಕ್ಕೆ ಅವಳಿಗೆ ರಸೀದಿ ಕೊಟ್ಟಿದ್ದೀರಾ?"

"ರಸೀದಿ ಯಾರೂ ಕೇಳಲ್ಲ ಸಾರ್."

"ಹಾಗಾದರೆ ಇದು ನಿಮ್ಮಲ್ಲಿದೆ ಎನ್ನುವುದಕ್ಕೆ ದಾಖಲೆಯಿಲ್ಲ. ತೆಗೆದುಕೊಂಡು ಹೋಗುತ್ತೇನೆ. ನಿಮ್ಮ ಹಾಗೆ ದಾಖಲೆಯಿಲ್ಲದೆ ಅಲ್ಲ." ಅವನ ಮೇಜಿನ ಮೇಲಿದ್ದ ಹಾಳೆಯೊಂದರಲ್ಲಿ ಸ್ವೀಕೃತಿ ಬರೆದು, ಹಸಿರು ಸಹಿ ಹಾಕಿ, ಮೊಹರು ಒತ್ತಿ ಕೊಟ್ಟೆ.

ಅವನು ಅದನ್ನು ಎರಡು ಸಲ ಓದಿದ. "ಇದನ್ನ ಏನ್ ಮಾಡ್ಲಿ ಸಾರ್?"

"ಫೈಲ್ ಮಾಡಿ."

ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. "ತಗೊಂಡೋಗಿ ಸಾರ್. ನಮ್ ತಂಗೀದೂ ಒಂದ್ ಕಡೆ ಹಿಂಗೇ ಇಟ್ಕೊಂಡವ್ರೆ."

ಉಳಿದ ಕಟ್ಟುಗಳನ್ನು ಅವನು ಬೀರುವಿಗೆ ಹಿಂದಿರುಗಿಸಿ ಬೀಗ ಹಾಕುವುದನ್ನು ನಾನು ನೋಡುತ್ತ ನಿಂತಿದ್ದೆ. ಆ ಹೆಸರುಗಳಿಗಾಗಿ ನಾನು ಏನೂ ಮಾಡಲಿಲ್ಲ. ಒಂದು ಪತ್ರವನ್ನಾದರೂ ಬರೆಯಬಹುದಾಗಿತ್ತು. ಪತ್ರ ಬರೆಯುವುದನ್ನು ಊರ ಮಕ್ಕಳಿಗೆಲ್ಲ ಕಲಿಸಿದವನು ನಾನೇ.

ಆ ಸಂಜೆ ನಾನೂರ ಹದಿಮೂರರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಅಸಲನ್ನು ಈ ದಿನ ಕಂಡೆ.' ದಿನಾಂಕ ಹಾಕಿದೆ. ಮೇಲಿನ 'ಇಲ್ಲ'ವನ್ನು ಮುಟ್ಟಲಿಲ್ಲ. ಸ್ಟೆಲ್ಲಾ ಕಾರ್ಡನ್ನು ತರಬೇತಿ ಸಂಸ್ಥೆಗೆ ಒಪ್ಪಿಸಿದಳು. ಜ್ಞಾಪನಕ್ಕೆ ನಾನು ಕೊಟ್ಟ ವಿವರಣೆ ಒಂದೇ ಪುಟ. ಆ ಮಾರ್ಕ್ಸ್ ಕಾರ್ಡನ್ನು ವಿದ್ಯಾರ್ಥಿನಿಯ ಕೈಗೆ ಕೊಟ್ಟವನು ನಾನು. ಅದರಲ್ಲಿರುವುದಕ್ಕೆ ನಾನು ಸಾಕ್ಷಿ. ಆ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳುವುದಿಲ್ಲ. ಪುಸ್ತಕದಲ್ಲಿ ಬರೆದದ್ದು ನಿಜವಾದ್ದರಿಂದ ಅದನ್ನೂ ತಿದ್ದುವುದಿಲ್ಲ. ಕ್ರಮ ಕೈಗೊಳ್ಳುವುದಿದ್ದರೆ ನನ್ನ ಮೇಲೆ ಕೈಗೊಳ್ಳಬಹುದು. ಉತ್ತರ ಬರಲಿಲ್ಲ. ಆ ಅಧಿಕಾರಿಗೆ ವರ್ಗವಾಯಿತು. ಸ್ಟೆಲ್ಲಾ ತರಬೇತಿ ಮುಗಿಸಿದಳು, ಕೆಲಸಕ್ಕೆ ಸೇರಿದಳು. ಆರೋಗ್ಯಮ್ಮ ಪ್ರತಿ ಕ್ರಿಸ್ಮಸ್ಸಿಗೆ ಕಲ್‌ಕಲ್ ಸಿಹಿತಿಂಡಿ ತುಂಬಿದ ಡಬ್ಬಿ ಕಳಿಸುತ್ತಿದ್ದರು. ಆ ಭಾನುವಾರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಆ ಆಸ್ಪತ್ರೆಯ ಕಾಗದಕ್ಕೆ ಬರುತ್ತೇನೆ.

ಈ ನವೆಂಬರ್ ೨೩ರ ಭಾನುವಾರ ನನ್ನ ಮಗಳಿಗೆ ಹೆರಿಗೆಯಾಯಿತು. ಹೆರಿಗೆ ವಾರ್ಡಿನ ಹಿರಿಯ ನರ್ಸು ಸ್ಟೆಲ್ಲಾ. ಹೆಣ್ಣು ಮಗು, ಸಂಜೆ ಏಳು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೆ. ಹೊರಗೆ ಕಾಯುತ್ತಿದ್ದ ನಮಗೆ ಸುದ್ದಿ ಬಂದ ಕ್ಷಣವೇ ನನ್ನ ಹೆಂಡತಿ ಫೋನಿನಲ್ಲಿ ಪಂಚಾಂಗ ನೋಡಿದಳು. ಅವಳ ಮುಖ ಇಳಿಯಿತು.

"ಮೂಲಾ ನಕ್ಷತ್ರ ಕಣ್ರೀ. ಮುಗಿಯೋಕೆ ಇನ್ನು ನಾಲ್ಕೇ ನಿಮಿಷ ಇತ್ತು. ನಾಳೆ ಮೂಲಾದ ಹುಡುಗಿ ಅಂತ ಯಾರು ಮಾಡ್ಕೋತಾರೆ? ಆ ನರ್ಸು ನಿಮ್ಮ ಹುಡುಗೀನೇ ಅಲ್ವಾ? ಒಂದು ಐದು ನಿಮಿಷ ಮುಂದಕ್ಕೆ ಬರ್ಕೊಳ್ಳೋಕೆ ಹೇಳಿ. ನಿಮ್ಮ ಮಾತು ತೆಗೆದುಹಾಕಲ್ಲ ಅವಳು."

ಇಂಥದ್ದೆಲ್ಲ ನಾನು ನಂಬುವುದಿಲ್ಲ. ಹುಟ್ಟಿದ ಗಳಿಗೆಯನ್ನು ಅತ್ತಿತ್ತ ಸರಿಸಿ ಬರೆಸುವ ಮನೆಗಳನ್ನು ನಾನು ಗೇಲಿ ಮಾಡಿದ್ದೇನೆ. ಆದರೂ ಓದುಗರೇ, ಅರ್ಧ ಗಂಟೆ ಅವಳ ಕಣ್ಣೀರನ್ನು ನೋಡಿದ ಮೇಲೆ ನಾನು ಎದ್ದೆ. ಮೊಮ್ಮಗಳ ಮುಖವನ್ನೂ ಆಗಲೇ ನೋಡಿಯಾಗಿತ್ತು. ಇಪ್ಪತ್ತೈದು ವರ್ಷದ ಆಚೆ ಯಾವನೋ ಒಬ್ಬ ಅಪರಿಚಿತ ಈ ಮುಖವನ್ನು ನಾಲ್ಕು ನಿಮಿಷಕ್ಕಾಗಿ ಬೇಡವೆನ್ನುತ್ತಾನಲ್ಲ ಎಂಬ ಯೋಚನೆ ಬಂದಾಗ, ನನ್ನ ಕಾಲು ತಾನಾಗಿಯೇ ನರ್ಸುಗಳ ಕೊಠಡಿಯತ್ತ ನಡೆಯಿತು.

ಸ್ಟೆಲ್ಲಾ ದಪ್ಪ ಪುಸ್ತಕವೊಂದರಲ್ಲಿ ಬರೆಯುತ್ತಿದ್ದಳು. ನಾನು ಗೋಡೆಯ ಗಡಿಯಾರದ ಕಡೆ ನೋಡಿದೆ.

"ಆ ಗಡಿಯಾರ ಸ್ವಲ್ಪ ಹಿಂದೆ ಇರಬಹುದೇನಮ್ಮ?"

"ಎಷ್ಟು ಸಾರ್?"

"ಒಂದು ನಾಲ್ಕು... ಐದು ನಿಮಿಷ."

ಅವಳು ಪೆನ್ನು ಕೆಳಗಿಟ್ಟಳು. "ಮೇಡಂ ಕಳಿಸಿದ್ರಾ ಸಾರ್?"

"ನಾನೇ ಬಂದೆ."

"ಗಡಿಯಾರ ಸರಿಯಾಗಿದೆ. ಡ್ಯೂಟಿಗೆ ಬಂದ ತಕ್ಷಣ ನಾನೇ ನೋಡಿ ಸರಿ ಮಾಡ್ತೀನಿ." ಅವಳು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು. ಸ್ಕೇಲಿಟ್ಟು ಎಳೆದ ಅಂಕಣಗಳು. ನನ್ನ ಮಗಳ ಹೆಸರಿನ ಮುಂದೆ ೭.೨೪, ಅದರ ಪಕ್ಕದಲ್ಲಿ ಅವಳ ಸಹಿ. "ಮಗು ಬಂದಾಗ ನಾನಲ್ಲಿದ್ದೆ ಸಾರ್. ನಾನೇ ಕೈಯಲ್ಲಿ ಹಿಡ್ಕೊಂಡು ಗಡಿಯಾರ ನೋಡಿದ್ದು. ವಾರಕ್ಕೆ ಒಬ್ರಾದ್ರೂ ಬಂದು ಕೇಳ್ತಾರೆ. ಒಂದು ತಿದ್ದಿದ್ರೆ ಇದರಲ್ಲಿರೋ ಎಲ್ಲಾ ಮಕ್ಕಳ ಟೈಮೂ ಸುಳ್ಳಾಗತ್ತೆ. ನಮ್ಮಮ್ಮಂಗೆ ನೀವೇ ಹೇಳಿದ್ರಲ್ಲ."

"ನಿನಗೆ ಹೇಗೆ ಗೊತ್ತು?"

"ಆವತ್ತು ನಿಮ್ಮನೆ ಗೇಟ್ ಹತ್ರಾನೇ ನಿಂತಿದ್ದೆ ಸಾರ್. ಒಳಗೆ ಬರೋಕೆ ನಾಚ್ಕೆ ಆಯ್ತು."

"ಬೈದುಕೊಂಡಿರುತ್ತೀಯೆ."

"ತುಂಬಾ ಬೈಕೊಂಡೆ." ಅವಳು ನಕ್ಕಳು. "ಈ ಪುಸ್ತಕ ನನ್ನ ಕೈಗೆ ಬರೋವರ್ಗೂ ಬೈಕೋತಾನೇ ಇದ್ದೆ. ನೀವು ಹೋಗಿ ಮಗೂನ ನೋಡ್ಕೊಳ್ಳಿ ಸಾರ್. ಏಳು ಇಪ್ಪತ್ತನಾಲ್ಕು ಅಂದ್ರೆ ಏಳು ಇಪ್ಪತ್ತನಾಲ್ಕೇ."

ಇಷ್ಟು ಚೆನ್ನಾಗಿ ನನ್ನನ್ನು ಯಾರೂ ಎಂದೂ ಹೊರಗಟ್ಟಿರಲಿಲ್ಲ. ಹಿಂದಿರುಗಿ ಬಂದು ನಡೆದದ್ದನ್ನು ಹೆಂಡತಿಗೆ ಹೇಳಿದೆ. "ಅವಳೂ ನಿಮ್ಮ ಹಾಗೇನಾ" ಎಂದು ಹಣೆಗೆ ಕೈಹಚ್ಚಿಕೊಂಡಳು. ಆಮೇಲೆ ಮಗು ಆಕಳಿಸಿದ್ದನ್ನು ಕಂಡು ಪಂಚಾಂಗವನ್ನು ಮರೆತಳು. ನಾನು ಮರೆತಿಲ್ಲ. ಮುಂದೆ ಯಾರಾದರೂ ನಿಮಿಷ ಎಣಿಸಿಕೊಂಡು ನಮ್ಮ ಬಾಗಿಲಿಗೆ ಬಂದರೆ, ಅವರು ಬಂದ ದಾರಿಯಲ್ಲೇ ಹಿಂದಿರುಗಬಹುದು. ಆಗ ನಾನಿಲ್ಲದಿದ್ದರೆ ಈ ಬರಹವನ್ನು ತೋರಿಸತಕ್ಕದ್ದು.

ಅಂಗಡಿಯಲ್ಲಿ ನಾನು ಸಹಿ ಹಾಕದೆ ತಂದದ್ದು ಆ ಜನನದ ವರದಿಯ ನಕಲು, ಮಗಳ ಕಚೇರಿಗೆ ರಜೆಯ ಅರ್ಜಿಯೊಡನೆ ಕಳಿಸಬೇಕಾದದ್ದು. ತನಗೆ ತಾನೇ ಸಾಕ್ಷಿಯಾಗುವ ಈ 'ಸೆಲ್ಫ್ ಅಟೆಸ್ಟೆಡ್' ಎಂಬ ಹೊಸ ಪದ್ಧತಿಯನ್ನು ನಾನು ಇಷ್ಟು ವರ್ಷ ಜರೆಯುತ್ತಲೇ ಬಂದವನು. ಮನೆಗೆ ಬಂದು ಅಸಲನ್ನೂ ನಕಲನ್ನೂ ಮಗಳ ಮುಂದಿಟ್ಟೆ. ಅವಳು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲಾಗಿ ಓದಿ, ಸಮಯದ ಹತ್ತಿರ ಬಂದಾಗ "ಇದು ಸರಿ ಅಪ್ಪ, ನಾನಲ್ಲೇ ಇದ್ನಲ್ಲ" ಎಂದು ಸಹಿ ಹಾಕಿದಳು. ಆ ಸಹಿಯಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ.

ಆಮೇಲೆ ಅಟ್ಟದಿಂದ ಕಂದು ಹೊದಿಕೆಯ ಪುಸ್ತಕವನ್ನು ಇಳಿಸಿದೆ. ಹೊದಿಕೆಯ ಮೇಲಿನ ಗೌಡರ ಅಕ್ಷರ ಮಾಸಿದೆ. ಹಸಿರು ಶಾಯಿ ಮಾಸಿಲ್ಲ. ನಾನೂರ ಹದಿಮೂರರ ಪಕ್ಕದ ಖಾಲಿ ಅಂಚಿನಲ್ಲಿ, ಇಲಾಖೆ ಕಳಿಸದ ಉತ್ತರವನ್ನು ನಾನೇ ಬರೆದು ಕಡತವನ್ನು ಮುಚ್ಚಿದೆ: 'ಇತ್ಯರ್ಥವಾದದ್ದು ೨೩ ನವೆಂಬರ್ ೨೦೨೫, ಭಾನುವಾರ.'